ಜಾಲತಾಣದ ಹೆಸರು ಸಂಘದ ಹೆಸರಿನಲ್ಲೇ ನೋಂದಣಿಯಾಗಲಿ

ಮಾನ್ಯ ಸಂಪಾದಕರೇ,

ಈಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳ ಸಾಹಿತ್ಯ ಸಂಘಗಳು, ಹಳೆಯ ವಿದ್ಯಾರ್ಥಿಗಳ ಒಕ್ಕೂಟಗಳು, ಸಣ್ಣ ಪ್ರಕಾಶಕರು, ಹವ್ಯಾಸಿ ನಾಟಕ ತಂಡಗಳು ತಮ್ಮದೇ ಜಾಲತಾಣ ಮಾಡಿಕೊಳ್ಳಲು ಮುಂದಾಗುತ್ತಿರುವುದು ಸಂತೋಷದ ಸಂಗತಿ. ಆದರೆ ಇಂಥ ಕೆಲಸಕ್ಕೆ ಕೈಹಾಕುವ ಬಹುತೇಕ ಸಂಸ್ಥೆಗಳವರು ಕೇಳುವುದು ಎರಡೇ ಪ್ರಶ್ನೆ: ಖರ್ಚು ಎಷ್ಟಾಗುತ್ತದೆ, ನೋಡಲು ಹೇಗಿರುತ್ತದೆ. ತಾಣದ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗುತ್ತದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ನಾವೂ ಕೇಳಿರಲಿಲ್ಲ. ಹಾಗೆ ಕೇಳದೇ ಹೋದದ್ದರಿಂದ ನಮ್ಮ ಸಂಘ ಎಂಟು ವರ್ಷಗಳ ದುಡಿಮೆಯನ್ನು ಕಳೆದುಕೊಂಡಿತು. ಇತರರಿಗೆ ಹಾಗಾಗಬಾರದೆಂಬ ಒಂದೇ ಕಾರಣಕ್ಕೆ ಈ ಪತ್ರವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ನಮ್ಮದು ಹಾವೇರಿ ಜಿಲ್ಲೆಯ ಒಂದು ಸಣ್ಣ ಊರಿನ ಸಾಹಿತ್ಯ ಸಂಘ. ಸುತ್ತಲಿನ ಹಳ್ಳಿಗಳ ವೀರಗಲ್ಲುಗಳ ವಿವರ, ಹಿರಿಯ ಹೆಣ್ಣುಮಕ್ಕಳಿಂದ ಬರೆದುಕೊಂಡ ಸೋಬಾನೆ ಹಾಡುಗಳು, ಊರಿನ ಹಳೆಯ ನಾಟಕ ಕಂಪನಿಗಳ ಕುರಿತ ನೆನಪುಗಳು ಇವುಗಳನ್ನೆಲ್ಲ ಸೇರಿಸಿ 2013ರ ನವೆಂಬರಿನಲ್ಲಿ ಒಂದು ಜಾಲತಾಣ ಆರಂಭಿಸಿದೆವು. ನನ್ನ ಹಳೆಯ ಶಿಷ್ಯನೊಬ್ಬ, ಆಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವನು, ಒಂದು ರೂಪಾಯಿಯನ್ನೂ ಮುಟ್ಟದೆ ಅದನ್ನು ಕಟ್ಟಿಕೊಟ್ಟ. ಹೆಸರನ್ನು ತನ್ನ ಹೆಸರಿನಲ್ಲೇ ನೋಂದಾಯಿಸಿ, ತನ್ನ ಕಚೇರಿಯ ಇಮೇಲ್ ವಿಳಾಸ ಕೊಟ್ಟು, ತನ್ನದೇ ಕಾರ್ಡಿನಿಂದ ವರ್ಷ ವರ್ಷವೂ ಹಣ ತಾನಾಗಿ ಕಟ್ಟಿಹೋಗುವಂತೆ ಮಾಡಿದ್ದ. ಅದರಲ್ಲಿ ಅವನ ದುರುದ್ದೇಶ ಎಳ್ಳಷ್ಟೂ ಇರಲಿಲ್ಲ. ಸಂಘಕ್ಕೆ ಹೊರೆಯಾಗಬಾರದೆಂಬ ಪ್ರೀತಿಯೊಂದೇ ಇತ್ತು. ಮುಂದೆ ಅವನು ಆ ಕೆಲಸ ಬಿಟ್ಟು ವಿದೇಶಕ್ಕೆ ಹೋದ. ಹಳೆಯ ಕಚೇರಿಯ ಇಮೇಲ್ ಮುಚ್ಚಿತು. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮದಂತೆ ಕಾರ್ಡಿನಿಂದ ತಾನಾಗಿ ಕಡಿತವಾಗುವ ಪಾವತಿಗಳಿಗೆ ಗ್ರಾಹಕರು ಹೊಸದಾಗಿ ಒಪ್ಪಿಗೆ ದಾಖಲಿಸಬೇಕಾಯಿತು. ಹಾಗೆ ದಾಖಲಿಸದ ಪಾವತಿಗಳು ನಿಂತುಹೋದವು. ಆ ನವೆಂಬರಿನಲ್ಲಿ ನಮ್ಮ ತಾಣದ ನವೀಕರಣದ ಹಣವೂ ಕಡಿತವಾಗಲಿಲ್ಲ. ಎಚ್ಚರಿಕೆಯ ಪತ್ರಗಳೆಲ್ಲ ಯಾರೂ ತೆರೆಯದ ಪೆಟ್ಟಿಗೆಗೆ ಹೋಗಿ ಬಿದ್ದವು.

ಕೋವಿಡ್ ಕಾಲದಲ್ಲಿ ಹೊಸ ಬರಹ ಏರಿಸುವ ಕೆಲಸವನ್ನು ನಾವು ನಿಲ್ಲಿಸಿದ್ದರಿಂದ ಮರುವರ್ಷದ ಮಾರ್ಚಿನವರೆಗೂ ಇದು ನಮ್ಮ ಗಮನಕ್ಕೆ ಬರಲಿಲ್ಲ. ಡಾಟ್ ಕಾಮ್, ಡಾಟ್ ಆರ್ಗ್‌ನಂಥ ಹೆಸರುಗಳ ಅವಧಿ ಮುಗಿದ ಮೇಲೆ ಹಳೆಯ ಒಡೆಯರಿಗೆ ಕೆಲವು ದಿನಗಳ ರಿಯಾಯಿತಿ ಇರುತ್ತದೆ; ಅದೂ ಮುಗಿದರೆ ದುಬಾರಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳಲು ಇನ್ನೂ 30 ದಿನ ಸಿಗುತ್ತದೆ; ಅದೂ ಕಳೆದ ಮೇಲೆ ಆ ಹೆಸರು ಯಾರು ಬೇಕಾದರೂ ಕೊಳ್ಳುವ ಸರಕು. ನಾವು ನೋಡುವ ಹೊತ್ತಿಗೆ ನಮ್ಮ ಸಂಘದ ಹೆಸರನ್ನು ಯಾರೋ ಕೊಂಡಿದ್ದರು. ವೀರಗಲ್ಲುಗಳ ಚಿತ್ರಗಳಿದ್ದ ವಿಳಾಸದಲ್ಲಿ ಹಣ ಕಟ್ಟಿ ಆಡುವ ಇಸ್ಪೀಟಿನ ಜಾಹೀರಾತು ಬರುತ್ತಿತ್ತು. ನಮ್ಮ ತ್ರೈಮಾಸಿಕದ ಎಂಟು ವರ್ಷಗಳ ಸಂಚಿಕೆಗಳ ಬೆನ್ನಮೇಲೆ ಅಚ್ಚಾಗಿರುವುದು ಅದೇ ವಿಳಾಸ. ತಾಣದ ಕಡತಗಳನ್ನು ಇಡುವ ಹೋಸ್ಟಿಂಗ್ ಖಾತೆಯ ಹಣವೂ ಕಟ್ಟಿರದ ಕಾರಣ ಆ ಕಂಪನಿಯವರು ಕಡತಗಳನ್ನು ಅಳಿಸಿಯಾಗಿತ್ತು.

ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದ ಜಗತ್ತಿನ ಜಾಲತಾಣಗಳ ಪ್ರತಿಗಳನ್ನು ಕೂಡಿಡುತ್ತಿದ್ದು, ವೇಬ್ಯಾಕ್ ಮಷೀನ್ ಎಂಬ ಹೆಸರಿನಲ್ಲಿ ಅವುಗಳನ್ನು ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿದೆ. ಅಲ್ಲಿ ನಮ್ಮ ತಾಣದ ಪುಟಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕವು. ಉಳಿದವುಗಳಲ್ಲಿ ಕೆಲವು ಮುದ್ರಿತ ಸಂಚಿಕೆಗಳಲ್ಲಿದ್ದವು. ಸೋಬಾನೆ ಹಾಡುಗಳ ಧ್ವನಿಮುದ್ರಿಕೆಗಳು ಮಾತ್ರ ಎಲ್ಲಿಯೂ ಸಿಗಲಿಲ್ಲ. ಹಾಡಿದವರಲ್ಲಿ ಇಬ್ಬರು ತಾಯಂದಿರು ಈಗ ನಮ್ಮೊಂದಿಗಿಲ್ಲ.

ಹೊಸದಾಗಿ ತಾಣ ಮಾಡುವವರು ಮೊದಲು ತಿಳಿಯಬೇಕಾದದ್ದು, ಅದು ಒಂದು ವಸ್ತುವಲ್ಲ, ಮೂರು ಬೇರೆ ಬೇರೆ ಸಂಗತಿಗಳ ಕೂಟ ಎಂಬುದನ್ನು. ಡೊಮೇನ್ ಎಂಬುದು ಹೆಸರು. ಹೋಸ್ಟಿಂಗ್ ಎಂಬುದು ನಮ್ಮ ಕಡತಗಳು ಇರುವ ಸರ್ವರಿನಲ್ಲಿ ಬಾಡಿಗೆಗೆ ಪಡೆದ ಜಾಗ. ವಿಷಯ ನಿರ್ವಹಣಾ ವ್ಯವಸ್ಥೆ, ಅಂದರೆ ಸಿಎಂಎಸ್, ಎಂಬುದು ಆ ಜಾಗದಲ್ಲಿ ಕುಳಿತು ನಮ್ಮ ಬರಹಗಳನ್ನು ಪುಟಗಳಾಗಿ ಜೋಡಿಸಿಕೊಡುವ ತಂತ್ರಾಂಶ. ತಂತ್ರಾಂಶ ಹಳತಾದರೆ ಬದಲಿಸಬಹುದು, ಸರ್ವರು ಸರಿಯಿಲ್ಲದಿದ್ದರೆ ಒಂದೆರಡು ದಿನಗಳಲ್ಲಿ ಇನ್ನೊಂದಕ್ಕೆ ಹೋಗಬಹುದು. ಹೆಸರು ಕೈತಪ್ಪಿದರೆ ಮಾತ್ರ ಉಳಿದೆರಡೂ ಇದ್ದೂ ಓದುಗರು ನಮ್ಮನ್ನು ತಲುಪಲಾರರು. ಜಮೀನನ್ನು ಯಾರೇ ಉಳಲಿ, ಪಹಣಿಯಲ್ಲಿ ಯಾರ ಹೆಸರಿದೆ ಎಂದು ನಮ್ಮ ರೈತರು ತಪ್ಪದೆ ವಿಚಾರಿಸುತ್ತಾರೆ. ಜಾಲತಾಣದ ವಿಷಯದಲ್ಲಿ ಆ ವಿಚಾರಣೆ ನಮ್ಮಲ್ಲಿ ಇನ್ನೂ ರೂಢಿಗೆ ಬಂದಿಲ್ಲ.

ಆದ್ದರಿಂದ ಡೊಮೇನನ್ನು ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ವಿಳಾಸ ಕೊಟ್ಟು, ಸಂಸ್ಥೆಯ ಬ್ಯಾಂಕ್ ಖಾತೆಯಿಂದಲೇ ಹಣ ಕಟ್ಟಿ ಪಡೆಯಬೇಕು. ತಾಣ ಕಟ್ಟಿಕೊಡುವವರು ಹೊರಗಿನವರಾದರೂ ಈ ಒಂದು ಕೆಲಸವನ್ನು ಪದಾಧಿಕಾರಿಗಳೇ ಮುಂದೆ ಕುಳಿತು ಮಾಡಬೇಕು. ಅರ್ಧ ಗಂಟೆಗಿಂತ ಹೆಚ್ಚಿನ ಸಮಯ ಬೇಡ. ಕೊಡುವ ಇಮೇಲ್ ವಿಳಾಸ ಅದೇ ಡೊಮೇನಿನದಾಗಿರಬಾರದು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ಹೆಸರಿನ ಅವಧಿ ಮುಗಿದ ದಿನ ಆ ಇಮೇಲ್ ಕೂಡ ನಿಲ್ಲುತ್ತದೆ, ಎಚ್ಚರಿಕೆಯ ಪತ್ರ ತಲುಪಬೇಕಾದ ಹೊತ್ತಿನಲ್ಲೇ ತಲುಪದೆ ಹೋಗುತ್ತದೆ. ಸಂಘಕ್ಕೆಂದೇ ಒಂದು ಪ್ರತ್ಯೇಕ ಉಚಿತ ಇಮೇಲ್ ಖಾತೆ ತೆರೆದು, ಅದರ ಪಾಸ್‌ವರ್ಡ್ ಅಧ್ಯಕ್ಷರು ಮತ್ತು ಕಾರ್ಯದರ್ಶಿ ಇಬ್ಬರಲ್ಲೂ ಇರುವಂತೆ ಮಾಡಬಹುದು. ಓಟಿಪಿ ಯಾರ ಮೊಬೈಲಿಗೆ ಬರುತ್ತದೆ ಎಂಬುದನ್ನು ಪದಾಧಿಕಾರಿಗಳು ಬದಲಾದಾಗಲೆಲ್ಲ ನೋಡಿಕೊಳ್ಳಬೇಕು. ಒಮ್ಮೆಗೇ ಹಲವು ವರ್ಷಗಳ ಹಣ ಕಟ್ಟಲು ಅವಕಾಶವಿದೆ. ಡಾಟ್ ಕಾಮ್, ಡಾಟ್ ಆರ್ಗ್ ಹೆಸರುಗಳನ್ನು ಗರಿಷ್ಠ 10 ವರ್ಷಗಳಿಗೆ ಪಡೆಯಬಹುದು. ಅದು ಒಳ್ಳೆಯದೇ, ಆದರೆ ಹತ್ತು ವರ್ಷಗಳ ನಂತರ ನೆನಪಿಟ್ಟುಕೊಳ್ಳುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ನಾವು ಈಗ ನವೀಕರಣದ ದಿನಾಂಕವನ್ನು ಪ್ರತಿ ವರ್ಷದ ಸರ್ವಸದಸ್ಯರ ಸಭೆಯ ನಡಾವಳಿಯಲ್ಲಿ, ಲೆಕ್ಕಪತ್ರದ ಮಂಡನೆಯ ಜೊತೆಗೇ ಬರೆಯುತ್ತಿದ್ದೇವೆ.

ಭಾರತದ ಡಾಟ್ ಇನ್ ಹೆಸರುಗಳ ನೋಂದಣಿಯನ್ನು ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ನೋಡಿಕೊಳ್ಳುತ್ತದೆ. ಅದು ಮಾನ್ಯ ಮಾಡಿದ ಕಂಪನಿಗಳ ಮೂಲಕ ಯಾರು ಬೇಕಾದರೂ ಕೊಳ್ಳಬಹುದು. ಕನ್ನಡ ಲಿಪಿಯಲ್ಲೇ ಬರೆದು ಡಾಟ್ ಭಾರತ ಎಂದು ಮುಗಿಯುವ ಹೆಸರುಗಳೂ ಸಿಗುತ್ತವೆ. ನನಗೆ ಅಂಥ ಹೆಸರಿನ ಮೇಲೆ ಬಹಳ ಆಸೆಯಿತ್ತು. ಆದರೆ ಕೆಲವು ಇಮೇಲ್ ಸೇವೆಗಳು ಮತ್ತು ಅರ್ಜಿ ನಮೂನೆಗಳು ಇನ್ನೂ ಅದನ್ನು ವಿಳಾಸವೆಂದು ಒಪ್ಪುವುದಿಲ್ಲವಾದ್ದರಿಂದ, ಮುಖ್ಯ ಹೆಸರನ್ನು ಡಾಟ್ ಇನ್‌ನಲ್ಲಿ ಪಡೆದು ಕನ್ನಡದ ಹೆಸರನ್ನು ಅದಕ್ಕೆ ಜೋಡಿಸುವುದು ಸದ್ಯಕ್ಕೆ ಸೂಕ್ತ ಎನಿಸುತ್ತದೆ.

ಹೋಸ್ಟಿಂಗ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದಿನಕ್ಕೆ ಕೆಲವು ನೂರು ಜನ ಬಂದುಹೋಗುವ ಸಂಘದ ತಾಣಕ್ಕೆ ಹಲವರು ಒಂದೇ ಸರ್ವರನ್ನು ಹಂಚಿಕೊಳ್ಳುವ ಅಗ್ಗದ ವ್ಯವಸ್ಥೆಯೇ ಧಾರಾಳವಾಗಿ ಸಾಕು. ಪ್ರತ್ಯೇಕ ಸರ್ವರು ಬೇಕೆಂದು ಯಾರಾದರೂ ಹೇಳಿದರೆ ಏಕೆಂದು ಕೇಳಬೇಕು. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಮೊದಲ ವರ್ಷದ ದರ, ಎರಡನೆಯ ವರ್ಷದಿಂದ ಅದು ಎರಡು ಮೂರು ಪಟ್ಟಾಗುವುದುಂಟು. ಆದ್ದರಿಂದ ನವೀಕರಣದ ದರವನ್ನೇ ಕೇಳಿ ತಿಳಿದು ಆಯವ್ಯಯದಲ್ಲಿ ಬರೆಯಬೇಕು. ತಾಣಕ್ಕೂ ಓದುಗರಿಗೂ ನಡುವಿನ ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಯುವ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆಂದು ಸಣ್ಣ ಸಂಸ್ಥೆಗಳಿಂದ ಸಾವಿರಾರು ರೂಪಾಯಿ ವಸೂಲಿ ಮಾಡುವವರು ಇಂದಿಗೂ ಇದ್ದಾರೆ. 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ ಅದನ್ನು ಪುಕ್ಕಟೆಯಾಗಿ ಕೊಡುತ್ತಿದೆ, ಹೆಚ್ಚಿನ ಹೋಸ್ಟಿಂಗ್ ಕಂಪನಿಗಳಲ್ಲಿ ಅದು ತಾನಾಗಿಯೇ ನವೀಕರಣವಾಗುತ್ತದೆ. ನಮ್ಮಂಥವರು ಇದಕ್ಕೆ ಹಣ ಕೊಡಬೇಕಾದ ಅಗತ್ಯವೇ ಇಲ್ಲ.

ಇನ್ನು ತಂತ್ರಾಂಶ. ಈ ಬಾರಿ ನಾವು ವರ್ಡ್‌ಪ್ರೆಸ್ ಆರಿಸಿಕೊಂಡೆವು. ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬಿಬ್ಬರು, ನಿಂತುಹೋಗಿದ್ದ ಇನ್ನೊಂದು ಮುಕ್ತ ತಂತ್ರಾಂಶವನ್ನು (ಯಾರು ಬೇಕಾದರೂ ಬಳಸಿ, ಬದಲಿಸಬಹುದಾದದ್ದನ್ನು) ಕೈಗೆತ್ತಿಕೊಂಡು ಬೆಳೆಸಿ 2003ರ ಮೇ ತಿಂಗಳಲ್ಲಿ ಹೊರತಂದದ್ದು ಇದು. ಇಂದು ಜಗತ್ತಿನ ಜಾಲತಾಣಗಳಲ್ಲಿ ಶೇ 40ಕ್ಕೂ ಹೆಚ್ಚಿನವು ಇದರ ಮೇಲೆ ನಡೆಯುತ್ತವೆ. ದ್ರುಪಾಲ್, ಜೂಮ್ಲಾ ಕೂಡ ಇದರಂತೆಯೇ ಮುಕ್ತ ತಂತ್ರಾಂಶಗಳು, ಸಮರ್ಥವಾದವು. ಆದರೆ ನಾಳೆ ನಮ್ಮ ತಾಣವನ್ನು ನೋಡಿಕೊಳ್ಳುವವರು ಊರಿನ ಪದವಿ ಕಾಲೇಜಿನ ವಿದ್ಯಾರ್ಥಿಗಳು. ಅವರಿಗೆ ಸುಲಭವಾಗಿ ಕಲಿಯಲು ಸಿಗುವುದು ವರ್ಡ್‌ಪ್ರೆಸ್ ಎಂಬುದೇ ನಮಗೆ ಮುಖ್ಯವಾಯಿತು. ಇದರ ಹೆಸರಿನಲ್ಲಿ ಎರಡು ಸಂಗತಿಗಳಿವೆ, ಹೊಸಬರು ಅವುಗಳನ್ನು ಬೆರೆಸಿಕೊಂಡು ಗೊಂದಲಪಡುತ್ತಾರೆ. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಒಂದು ಕಂಪನಿ ನಡೆಸುವ ಸೇವೆ, ಅಲ್ಲಿ ಜಾಗವೂ ಅವರದೇ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಿಂದ ಸಿಗುವುದು ತಂತ್ರಾಂಶ ಮಾತ್ರ. ಅದನ್ನು ನಾವು ಬಾಡಿಗೆಗೆ ಪಡೆದ ಯಾವ ಸರ್ವರಿನಲ್ಲಾದರೂ ಕೂರಿಸಬಹುದು, ಬೇಡವಾದಾಗ ಎಲ್ಲವನ್ನೂ ಎತ್ತಿಕೊಂಡು ಹೊರಡಬಹುದು. ಉಚಿತ ಸೇವೆಗಳಲ್ಲಿ ಬರೆದು ಅಭ್ಯಾಸ ಮಾಡುವುದು ಒಳ್ಳೆಯದೇ. ಆದರೆ ಲಕ್ಷಾಂತರ ಜನರ ಪುಟಗಳಿದ್ದ ಜಿಯೋಸಿಟೀಸನ್ನು ಯಾಹೂ 2009ರಲ್ಲಿ ಮುಚ್ಚಿದ್ದನ್ನು ನೆನೆದರೆ, ಸಂಸ್ಥೆಯೊಂದು ತನ್ನ ದಾಖಲೆಗಳನ್ನು ಅಂಥ ಕಡೆ ಮಾತ್ರವೇ ಇಡುವುದು ಸರಿಯಲ್ಲ.

ಕನ್ನಡದ ಸಂಸ್ಥೆಗಳಿಗೆ ಇಲ್ಲಿ ವಿಶೇಷವಾದ ಕೆಲವು ತೊಡಕುಗಳಿವೆ. ಇಂಗ್ಲಿಷಿನ ಮಾರ್ಗದರ್ಶಿಗಳಲ್ಲಿ ಇವುಗಳ ಪ್ರಸ್ತಾಪ ಬರುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಸಂಘಗಳ ಹಳೆಯ ಬರಹಗಳೆಲ್ಲ ಡಿಟಿಪಿ ಅಂಗಡಿಗಳಲ್ಲಿ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧವಾದವು. ಅವುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಕಂಪ್ಯೂಟರಿನ ಒಳಗೆ ಇರುವುದು ರೋಮನ್ ಲಿಪಿಯ ಸಂಕೇತಗಳು. ಅದನ್ನು ಹಾಗೆಯೇ ತಾಣಕ್ಕೆ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ, ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದೂ ಇಲ್ಲ. ಪ್ರತಿ ಭಾಷೆಯ ಲಿಪಿಗೂ ತನ್ನದೇ ಸಂಕೇತಗಳಿರುವ ಜಾಗತಿಕ ಪದ್ಧತಿಯಾದ ಯೂನಿಕೋಡ್‌ಗೆ ಬದಲಿಸಿಕೊಡುವ ಉಚಿತ ಪರಿವರ್ತಕಗಳಿವೆ, ಚೆನ್ನಾಗಿಯೂ ಕೆಲಸ ಮಾಡುತ್ತವೆ. ಆದರೂ ಅರ್ಕಾವೊತ್ತಿನ ಸ್ಥಾನವನ್ನು ಕಡ್ಡಾಯವಾಗಿ ಪರಿಶೀಲಿಸಬೇಕು. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ದಾಖಲಾಗುತ್ತದೆ. ಯೂನಿಕೋಡ್‌ನಲ್ಲಿ ರಕಾರ ಉಚ್ಚಾರದ ಕ್ರಮದಲ್ಲಿ ಮೊದಲೇ ಬರುತ್ತದೆ. ಹಳಗನ್ನಡದ ಪದ್ಯಗಳೂ ಶಾಸನಪಾಠಗಳೂ ಇರುವ ನಮ್ಮಂಥ ತಾಣದಲ್ಲಿ ಒಂದು ಅರ್ಕಾವೊತ್ತು ಜಾರಿದರೆ ಪಾಠವೇ ಕೆಟ್ಟಂತೆ. ನಾವು ಪ್ರತಿ ಬರಹವನ್ನೂ ಮುದ್ರಿತ ಪ್ರತಿಯೊಡನೆ ಇಬ್ಬರು ಕುಳಿತು, ಒಬ್ಬರು ಓದುತ್ತ ಮತ್ತೊಬ್ಬರು ನೋಡುತ್ತ ಹೋಲಿಸಿದೆವು. ಹೊಸದಾಗಿ ಬರೆಯುವವರು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ಬಳಸಿಕೊಂಡು ನೇರವಾಗಿ ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಬಹುದು. ಕೈಯ ಅಭ್ಯಾಸ ಬದಲಿಸಬೇಕಾಗಿಲ್ಲ.

ಎರಡನೆಯದು, ಪ್ರತಿ ಬರಹಕ್ಕೂ ತಾನಾಗಿ ಸಿದ್ಧವಾಗುವ ವಿಳಾಸ. ವರ್ಡ್‌ಪ್ರೆಸ್ ಶೀರ್ಷಿಕೆಯನ್ನೇ ವಿಳಾಸವಾಗಿ ಮಾಡುತ್ತದೆ. ಕನ್ನಡದ ಒಂದೊಂದು ಸಂಕೇತವೂ ವಿಳಾಸದಲ್ಲಿ 9 ಚಿಹ್ನೆಗಳಾಗಿ ಬದಲಾಗುತ್ತದೆ. ‘ಕನ್ನಡ’ ಎಂಬ ಮೂರಕ್ಷರದ ಪದದಲ್ಲಿ ನಕಾರದ ಒತ್ತನ್ನೂ ಸೇರಿಸಿ ಐದು ಸಂಕೇತಗಳಿರುವುದರಿಂದ ಅದೊಂದೇ 45 ಚಿಹ್ನೆಗಳಾಗುತ್ತದೆ. ಆದರೆ ಬರಹಗಳೆಲ್ಲ ಸಂಗ್ರಹವಾಗುವ ಡೇಟಾಬೇಸಿನಲ್ಲಿ ಇದಕ್ಕೆ ಮೀಸಲಾದ ಜಾಗ 200 ಚಿಹ್ನೆಗಳು ಮಾತ್ರ. ಹೀಗಾಗಿ ನಾಲ್ಕೈದು ಪದಗಳ ಕನ್ನಡ ಶೀರ್ಷಿಕೆಯ ವಿಳಾಸ ಅರ್ಧದಲ್ಲೇ ತುಂಡಾಗುತ್ತದೆ, ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗಿ ಕಾಣುತ್ತದೆ. ಶೀರ್ಷಿಕೆ ಕನ್ನಡದಲ್ಲೇ ಇರಲಿ. ಪ್ರಕಟಿಸುವ ಮುನ್ನ ವಿಳಾಸವನ್ನು ಮಾತ್ರ ಇಂಗ್ಲಿಷ್ ಲಿಪಿಯ ಒಂದೆರಡು ಪದಗಳಿಗೆ ಬದಲಿಸಿಕೊಳ್ಳುವುದು ಜಾಣತನ. ಪ್ರಕಟವಾದ ಮೇಲೆ ಬದಲಿಸಿದರೆ ಬೇರೆಯವರು ಕೊಟ್ಟಿರುವ ಕೊಂಡಿಗಳು ಕೆಡಬಹುದು. ಅಕ್ಷರಶೈಲಿಗೆ ನೋಟೋ ಕನ್ನಡದಂಥ ಮುಕ್ತ ಶೈಲಿಗಳಿವೆ. ಹಣ ಕೊಟ್ಟು ಕೊಳ್ಳಬೇಕಾಗಿಲ್ಲ, ಕದ್ದು ಬಳಸಬೇಕಾಗಿಯೂ ಇಲ್ಲ.

ಕದಿಯುವ ಮಾತು ಬಂದಿದ್ದರಿಂದ ಇನ್ನೊಂದು ವಿಷಯ. ತಾಣದ ಚಹರೆಯನ್ನು ಬದಲಿಸುವ ಥೀಮ್‌ಗಳು, ಹೊಸ ಸೌಲಭ್ಯ ಸೇರಿಸುವ ಪ್ಲಗಿನ್‌ಗಳು ವರ್ಡ್‌ಪ್ರೆಸ್‌ನ ಅಧಿಕೃತ ಕೋಠಿಯಲ್ಲಿ ಸಾವಿರಗಟ್ಟಲೆ ಉಚಿತವಾಗಿಯೇ ಸಿಗುತ್ತವೆ. ಆದರೂ ಹಣ ಕೊಡಬೇಕಾದ ಥೀಮ್‌ಗಳ ಕಳ್ಳಪ್ರತಿಯನ್ನು ಎಲ್ಲಿಂದಲೋ ಇಳಿಸಿ ಹಾಕಿಕೊಡುವುದು ನಡೆದೇ ಇದೆ. ಇಂಥ ಪ್ರತಿಗಳಲ್ಲಿ ಅಪರಿಚಿತರು ತಾಣದೊಳಗೆ ನುಗ್ಗಲು ಹಿಂಬಾಗಿಲನ್ನು ಅಡಗಿಸಿಟ್ಟಿರುವುದು ಸಾಮಾನ್ಯ. ನಮ್ಮ ಓದುಗರ ಮೊಬೈಲಿಗೆ ಕೇಡು ನಮ್ಮ ಹೆಸರಿನಲ್ಲೇ ತಲುಪುತ್ತದೆ. ಪ್ಲಗಿನ್‌ಗಳು ಕಡಿಮೆಯಿದ್ದಷ್ಟೂ ಕ್ಷೇಮ. ನಮ್ಮಲ್ಲಿ ಈಗ ಇರುವುದು ಐದು. ಪ್ರತಿ ತಿಂಗಳ ಮೊದಲ ಶನಿವಾರ ಅವುಗಳನ್ನೂ ತಂತ್ರಾಂಶವನ್ನೂ ಹೊಸ ಆವೃತ್ತಿಗೆ ಏರಿಸುವ ಕೆಲಸವನ್ನು ಒಬ್ಬರಿಗೆ ವಹಿಸಿದ್ದೇವೆ. ತುರ್ತು ಭದ್ರತಾ ತಿದ್ದುಪಡಿಗಳನ್ನು ವರ್ಡ್‌ಪ್ರೆಸ್ 2013ರಿಂದಲೇ ತಾನಾಗಿ ಹಾಕಿಕೊಳ್ಳುತ್ತದೆ.

ತಮ್ಮ ಪತ್ರಿಕೆಯ ಮೂಲಕ ಎರಡು ವಿನಂತಿಗಳನ್ನು ಸಂಬಂಧಪಟ್ಟವರ ಮುಂದಿಡಬಯಸುತ್ತೇನೆ. ಸಂಘಸಂಸ್ಥೆಗಳಿಗೆ ಜಾಲತಾಣ ಅಥವಾ ಡಿಜಿಟಲೀಕರಣಕ್ಕೆಂದು ಸರ್ಕಾರದ ಇಲಾಖೆಗಳಾಗಲಿ, ಅಕಾಡೆಮಿಗಳಾಗಲಿ, ದಾನಿಗಳಾಗಲಿ ಹಣ ಕೊಡುವಾಗ, ಡೊಮೇನ್ ಹಾಗೂ ಹೋಸ್ಟಿಂಗ್ ಖಾತೆಗಳು ಸಂಸ್ಥೆಯ ಹೆಸರಿನಲ್ಲೇ ಇರುವುದಕ್ಕೆ ದಾಖಲೆ ಕೊಡಬೇಕೆಂಬ ಷರತ್ತನ್ನು ಸೇರಿಸಲಿ. ಕಟ್ಟಡಕ್ಕೆ ಅನುದಾನ ಬಿಡುಗಡೆಯಾಗುವ ಮುನ್ನ ನಿವೇಶನದ ದಾಖಲೆ ಕೇಳುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಇನ್ನು ಕಾಲೇಜುಗಳಲ್ಲಿ ಜಾಲತಾಣ ನಿರ್ಮಾಣದ ಕಾರ್ಯಾಗಾರ ನಡೆಸುವ ಅಧ್ಯಾಪಕರು ಬಣ್ಣ, ಚಿತ್ರ, ಜಾರುವ ಫಲಕಗಳಿಗೆ ಕೊಡುವ ಸಮಯದಲ್ಲಿ ಸ್ವಲ್ಪವನ್ನಾದರೂ ಬ್ಯಾಕಪ್‌ಗೆ, ಅಂದರೆ ತಾಣದ ಇನ್ನೊಂದು ಪ್ರತಿಯನ್ನು ಬೇರೆಡೆ ಕಾದಿಡುವುದಕ್ಕೆ, ಮೀಸಲಿಡಲಿ. ಬ್ಯಾಕಪ್ ತೆಗೆಯುವುದಷ್ಟೇ ಅಲ್ಲ, ಅದರಿಂದ ತಾಣವನ್ನು ಬೇರೊಂದು ಕಂಪ್ಯೂಟರಿನಲ್ಲಿ ಮತ್ತೆ ಎಬ್ಬಿಸಿ ತೋರಿಸುವುದನ್ನೂ ಕಲಿಸಲಿ.

ಇದನ್ನು ಹೇಳುವುದಕ್ಕೆ ಕಾರಣವಿದೆ. ಹೊಸ ತಾಣದ ಬ್ಯಾಕಪ್ ಪ್ರತಿ ಭಾನುವಾರ ತಾನಾಗಿ ಆಗುವಂತೆ ಮಾಡಿ, ಒಂದು ಪ್ರತಿಯನ್ನು ಸಂಘದ ಗ್ರಂಥಾಲಯದ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದನ್ನು ಹುಬ್ಬಳ್ಳಿಯಲ್ಲಿರುವ ಸದಸ್ಯರೊಬ್ಬರ ಮನೆಯಲ್ಲಿ ಇಟ್ಟು ನಾವು ನಿಶ್ಚಿಂತರಾಗಿದ್ದೆವು. ಕಳೆದ ಸರ್ವಸದಸ್ಯರ ಸಭೆಯ ಹಿಂದಿನ ದಿನ, ಬಿ.ಸಿ.ಎ. ಓದುತ್ತಿರುವ ಹುಡುಗಿಯೊಬ್ಬಳು, ‘ಸರ್, ಇದನ್ನೊಮ್ಮೆ ಬಿಚ್ಚಿ ನೋಡೋಣ’ ಎಂದಳು. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಎರಡು ಗಂಟೆ ಕುಳಿತು ಅವಳು ತಾಣವನ್ನು ಎಬ್ಬಿಸಿದಳು. ಬರಹಗಳೆಲ್ಲ ಬಂದವು, ಒಂದೂ ಚಿತ್ರ ಬರಲಿಲ್ಲ, ಒಂದೂ ಧ್ವನಿಮುದ್ರಿಕೆ ಬರಲಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಬರಹಗಳು ಡೇಟಾಬೇಸಿನಲ್ಲೂ, ಚಿತ್ರ ಮತ್ತು ಧ್ವನಿಗಳು ಬೇರೆಯೇ ಒಂದು ಕಡತಕೋಶದಲ್ಲೂ ಇರುತ್ತವೆ. ನಾವು ಅಷ್ಟು ತಿಂಗಳು ಕಾದಿಟ್ಟದ್ದು ಡೇಟಾಬೇಸನ್ನು ಮಾತ್ರ. ಅಂದು ರಾತ್ರಿ ಎಂಟರವರೆಗೆ ಗ್ರಂಥಾಲಯದ ಬಾಗಿಲು ತೆರೆದಿಟ್ಟು, ಆ ಕಡತಕೋಶವನ್ನೂ ಇಳಿಸಿಕೊಂಡು, ಮತ್ತೊಮ್ಮೆ ಮೊದಲಿನಿಂದ ತಾಣವನ್ನು ಎಬ್ಬಿಸಿ, ಈಗ ಬದುಕಿರುವ ಒಬ್ಬ ತಾಯಿಯಿಂದ ಹೊಸದಾಗಿ ಮುದ್ರಿಸಿಕೊಂಡ ಸೋಬಾನೆ ಹಾಡು ಆ ಕಂಪ್ಯೂಟರಿನಿಂದ ಕೇಳಿಬಂದ ಮೇಲೆಯೇ ನಾವು ಮನೆಗೆ ಹೋದೆವು.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ ಹಾಗೂ ಸಾಹಿತ್ಯ ಸಂಘವೊಂದರ ಕಾರ್ಯದರ್ಶಿ,
ಹಾವೇರಿ ಜಿಲ್ಲೆ